ತಲೆಯೋಡಿನ ಬರಹ

ತಲೆಬುರುಡೆಗೆ ಕನ್ನಡದಲ್ಲಿ ತಲೆಯೋಡು ಎಂಬ ಹೆಸರೂ ಉಂಟು. ಓಡು ಎಂದರೆ ಮಡಕೆಯ ಚೂರು. ಭಿಕ್ಷಾಪಾತ್ರೆಗೂ ಅದೇ ಮಾತು. ಸಂಸ್ಕೃತದ ಕಪಾಲ ಶಬ್ದವೂ ಹೀಗೆಯೇ ಚೂರು, ಪಾತ್ರೆ, ಬುರುಡೆ ಮೂರನ್ನೂ ಹೇಳುತ್ತದೆ. ಈ ಹೋಲಿಕೆ ನಮ್ಮವರಿಗೆ ಮಾತ್ರ ಹೊಳೆದದ್ದಲ್ಲ. ಲ್ಯಾಟಿನ್ನಿನಲ್ಲಿ ಟೆಸ್ಟಾ ಎಂದರೆ ಸುಟ್ಟ ಮಣ್ಣಿನ ಪಾತ್ರೆ. ಫ್ರೆಂಚರು ತಲೆಗೆ ಹೇಳುವ ತೆತ್ ಎಂಬ ಮಾತು ಹುಟ್ಟಿದ್ದು ಅದರಿಂದ. ಜರ್ಮನರ ಕೋಪ್ಫ್ ಕೂಡ ಮೊದಲು ಬಟ್ಟಲಿನ ಹೆಸರಾಗಿತ್ತು. ಒಬ್ಬರನ್ನೊಬ್ಬರು ಕಾಣದ ಜನ ಒಂದೇ ವಸ್ತುವನ್ನು ನೋಡಿ ಕುಂಬಾರನನ್ನೇ ನೆನೆದರು.

ಆ ಪಾತ್ರೆಯನ್ನು ನಾನು ಮೊದಲು ಕಂಡದ್ದು ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ೧೯೭೨ರ ಬರಗಾಲದ ಬೇಸಿಗೆ. ನಾನು ಸೋದರಮಾವನ ಮನೆಗೆ ರಜೆಗೆ ಹೋಗಿದ್ದ ಹನ್ನೆರಡರ ಹುಡುಗ. ಹೊಳೆ ಬತ್ತಿ, ನೀರು ಆಚೆಯ ದಡದ ಮಗ್ಗುಲಿಗೆ ಸರಿದಿತ್ತು. ಕುಸಿದ ದಂಡೆಯ ಮಣ್ಣಿನಲ್ಲಿ ಗುಂಡನೆಯದೊಂದು ವಸ್ತು ಕಂಡಿತು. ಕುಂಬಳಕಾಯಿಯ ಬುರುಡೆಯೆಂದು ಕಾಲಿನಿಂದ ಹೊರಳಿಸಿದೆವು. ಎರಡು ಕಣ್ಣುಗುಳಿಗಳು ನಮ್ಮತ್ತ ತಿರುಗಿದವು. ಹುಡುಗರೆಲ್ಲ ಓಡಿದರು. ಹರಿಗೋಲು ಹಾಕುತ್ತಿದ್ದ ಮುದುಕನೊಬ್ಬ ಬಂದು ಅದನ್ನು ಎರಡೂ ಕೈಯಿಂದ ಎತ್ತಿ, ಮಣ್ಣು ಒರೆಸಿ, ನೆತ್ತಿಯ ಮೇಲಿನ ಅಂಕುಡೊಂಕು ಗೆರೆಯನ್ನು ತೋರಿಸಿದ. “ನೋಡ್ರೆಪಾ, ಇದು ಬ್ರಹ್ಮನ ಬರಹ.” ಅಷ್ಟರಲ್ಲಿ ನಾಲ್ಕು ಜನ ನೆರೆದಿದ್ದರು. ಒಬ್ಬರು ಕೇಳಿದರು: “ಯಾವ ಮಂದೀದು ಇರಬೇಕು ಕಾಕಾ ಇದು?”

ಕೇಳಿದ್ದು ಕುತೂಹಲಕ್ಕಲ್ಲ. ಒಬ್ಬೊಬ್ಬರಿಗೆ ಒಂದೊಂದು ರುದ್ರಭೂಮಿ ಇರುವಲ್ಲಿ ಅದನ್ನು ಎಲ್ಲಿ ಹೂಳಬೇಕೆಂಬ ಪ್ರಶ್ನೆ ಇತ್ತು. ಮುದುಕ ಗೆರೆಯ ಮೇಲೆ ಬೆರಳಾಡಿಸಿ ಹೇಳಿದ: “ಓದಾಕ ಬರತಿತ್ತಂದ್ರ ಹೇಳತಿದ್ನೆಪಾ.”

ಅವನು ಬರಹವೆಂದು ಕರೆದದ್ದು ಎಲುಬು ಎಲುಬನ್ನು ಕೂಡುವ ಹೊಲಿಗೆ. ಹೊರಗಿನಿಂದ ಒಂದೇ ಗಡಿಗೆಯಂತೆ ತೋರುವ ಬುರುಡೆ ಇಪ್ಪತ್ತೆರಡು ಎಲುಬುಗಳ ಜೋಡಣೆ. ಮಿದುಳನ್ನು ಒಳಗಿಟ್ಟುಕೊಂಡವು ಎಂಟು: ಹಣೆಯದು ಒಂದು, ನೆತ್ತಿಯ ಇಕ್ಕೆಲದವು ಎರಡು, ಕಣತಲೆಯವು ಎರಡು, ಹಿಂದಲೆಯದು ಒಂದು, ತಳದಲ್ಲಿ ಬಾವಲಿಯಂತೆ ರೆಕ್ಕೆ ಬಿಚ್ಚಿ ಕುಳಿತದ್ದು ಒಂದು, ಮೂಗಿನ ಮಾಳಿಗೆಯಲ್ಲಿ ಜರಡಿಯಂತೆ ತೂತುತೂತಾದದ್ದು ಒಂದು. ಉಳಿದ ಹದಿನಾಲ್ಕು ಮುಖದವು. ಅವುಗಳಲ್ಲಿ ಅಲುಗಾಡುವುದು ಕೆಳದವಡೆ ಒಂದೇ. ನಾವು ಆಡುವ ಮಾತು, ತಿನ್ನುವ ಅನ್ನ ಎಲ್ಲಕ್ಕೂ ಅದೊಂದೇ ಕೀಲು. ಹೊಲಿಗೆಗಳಲ್ಲಿ ಮುಖ್ಯವಾದವು ಮೂರು ಬಗೆ. ಕಿರೀಟ ಕೂಡುವಲ್ಲಿ ಅಡ್ಡಲಾಗಿ ಒಂದು, ನಡುನೆತ್ತಿಯಲ್ಲಿ ಬಾಣದಂತೆ ನೇರವಾಗಿ ಒಂದು, ಹಿಂದಲೆಯಲ್ಲಿ ಕವಲೊಡೆದು ಒಂದು. ಈ ಕೊನೆಯದನ್ನು ಐರೋಪ್ಯ ವೈದ್ಯರು ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರದ ಹೆಸರಿನಿಂದಲೇ ಕರೆದರು. ಅಂದರೆ ಅವರ ಕಣ್ಣಿಗೂ ಅಲ್ಲಿ ಒಂದು ಅಕ್ಷರ ಕಂಡಿತ್ತು!

ನಮ್ಮ ಸುಶ್ರುತ ಇವಕ್ಕೆ ಸೀಮಂತಗಳೆಂದು ಹೆಸರಿಟ್ಟು, ತಲೆಯಲ್ಲಿ ಐದನ್ನು ಎಣಿಸಿ, ಮರ್ಮಸ್ಥಾನಗಳ ಪಟ್ಟಿಗೆ ಸೇರಿಸಿದ. ಸೀಮಂತವೆಂದರೆ ಬೈತಲೆ. ಹೆಣ್ಣುಮಕ್ಕಳು ಕೂದಲಲ್ಲಿ ತೆಗೆಯುವ ಗೆರೆಯೇ ಕೆಳಗೆ ಎಲುಬಿನಲ್ಲೂ ಇದೆಯೆಂದು ಅವನು ಬಲ್ಲ. ಹೇಗೆ ಬಲ್ಲ? ಅದಕ್ಕೂ ಒಂದು ಹೊಳೆಯೇ ಬೇಕಾಯಿತು. ವಿಷದಿಂದಾಗಲಿ ದೀರ್ಘ ರೋಗದಿಂದಾಗಲಿ ಸಾಯದವನ ದೇಹವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಕಡೆ ಇಡಬೇಕು. ಏಳು ರಾತ್ರಿಗಳ ಮೇಲೆ ತೆಗೆದು, ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಒಂದೊಂದೇ ಪದರವನ್ನು ಕಣ್ಣಾರೆ ನೋಡಬೇಕು. ಹೆಣ ಮುಟ್ಟಿದರೆ ಮೈಲಿಗೆಯೆನ್ನುವ ಸಮಾಜದಲ್ಲಿ ಈ ವಿಧಿಯನ್ನು ಬರೆದಿಟ್ಟವನ ಧೈರ್ಯ ಸಣ್ಣದಲ್ಲ.

ಅವನ ಲೆಕ್ಕದಲ್ಲಿ ಮೈಯೆಲುಬುಗಳು ೩೦೦; ಚರಕನ ಲೆಕ್ಕದಲ್ಲಿ ೩೬೦; ಇಂದಿನದು ೨೦೬. ಈ ಅಂತರವನ್ನು ನೋಡಿ ನಗುವವರುಂಟು. ಸುಶ್ರುತ ಕುತ್ತಿಗೆಯಿಂದ ಮೇಲೆ ಎಣಿಸಿದ ೬೩ರಲ್ಲಿ ಹಲ್ಲುಗಳೇ ೩೨. ಇಂದಿನವರು ಹಲ್ಲನ್ನು ಎಲುಬಿನಲ್ಲಿ ಸೇರಿಸುವುದಿಲ್ಲ, ಅವನು ಸೇರಿಸುತ್ತಿದ್ದ. ಮೃದ್ವಸ್ಥಿಗಳನ್ನೂ ಬಿಡಲಿಲ್ಲ. ತಲೆಯ ಕಪಾಲಗಳು ಚರಕನಿಗೆ ನಾಲ್ಕು, ಸುಶ್ರುತನಿಗೆ ಆರು. ೧೯೦೭ರಲ್ಲಿ ರುಡಾಲ್ಫ್ ಹರ್ನ್ಲೆ ಎಂಬ ವಿದ್ವಾಂಸ ಈ ಎಣಿಕೆಗಳನ್ನೆಲ್ಲ ಒಂದು ಪುಸ್ತಕವಾಗುವಷ್ಟು ವಿಸ್ತಾರವಾಗಿ ಪರಿಶೀಲಿಸಿದ. ಎಣಿಕೆ ಎಣಿಸುವವನ ವಯಸ್ಸಿನ ಮೇಲಲ್ಲ, ಎಣಿಸಲ್ಪಟ್ಟವನ ವಯಸ್ಸಿನ ಮೇಲೂ ನಿಂತಿದೆ. ಮಗು ಹುಟ್ಟುವಾಗ ಈ ಎಲುಬುಗಳು ಕೂಡಿರುವುದಿಲ್ಲ. ತಾಯಿಯ ಇಕ್ಕಟ್ಟಾದ ದಾರಿಯಲ್ಲಿ ಒಂದರ ಮೇಲೊಂದು ಸರಿದು ತಲೆಗೆ ಎಡೆ ಮಾಡಿಕೊಡುತ್ತವೆ. ನಮ್ಮ ಅಜ್ಜಿಯರು ಎಣ್ಣೆ ತಟ್ಟುತ್ತಿದ್ದ ಬಡಿದಾಡುವ ನೆತ್ತಿ ಆ ತೆರೆದ ಎಡೆಯೇ. ಅದು ಮುಚ್ಚುವುದಕ್ಕೆ ಒಂದೂವರೆ ಎರಡು ವರ್ಷ ಬೇಕು. ವಯಸ್ಸು ಏರಿದಂತೆ ಹೊಲಿಗೆಗಳು ಬೆಸೆದು, ಮುದುಕರಲ್ಲಿ ಎಷ್ಟೋ ಕಡೆ ಗೆರೆಯೇ ಅಳಿಸಿಹೋಗಿರುತ್ತದೆ. ಬ್ರಹ್ಮ ಬರೆದದ್ದನ್ನು ಬ್ರಹ್ಮನೇ ಒರೆಸುತ್ತಾನೆ ಎನ್ನಬೇಕು.

ನೆತ್ತಿ ಕೂಡುವ ಮೊದಲೇ ಹೋದ ಕೂಸುಗಳನ್ನು ಇದೇ ನದಿಯ ನೆರೆಯವರು ಏನು ಮಾಡುತ್ತಿದ್ದರು? ಕೊರ್ಲಹಳ್ಳಿಯಿಂದ ಪ್ರವಾಹದ ಮೇಲ್ಗಡೆ ಹಳ್ಳೂರಿದೆ. ಕೆಳಗಡೆ ಸಿರುಗುಪ್ಪ ತಾಲೂಕಿನಲ್ಲಿ ತೆಕ್ಕಲಕೋಟೆಯಿದೆ. ಎರಡೂ ನವಶಿಲಾಯುಗದ ನೆಲೆಗಳು. ತೆಕ್ಕಲಕೋಟೆಯನ್ನು ೧೯೬೩-೬೪ರಲ್ಲಿ, ಹಳ್ಳೂರನ್ನು ೧೯೬೫ರಲ್ಲಿ ಅಗೆದವರು ನಮ್ಮ ಎಂ. ಎಸ್. ನಾಗರಾಜರಾಯರು. ಮಾರ್ಟಿಮರ್ ವ್ಹೀಲರ್ ೧೯೪೭ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದಾಗಲೂ ಕಂಡ ಪದ್ಧತಿ ಒಂದೇ: ದೊಡ್ಡವರನ್ನು ನೀಳವಾಗಿ ಮಲಗಿಸಿ ಹೂಳುವುದು, ಎಳೆಯ ಕೂಸುಗಳನ್ನು ಮಣ್ಣಿನ ಗಡಿಗೆಯಲ್ಲಿಟ್ಟು ಹೂಳುವುದು. ಓಡಿನೊಳಗೆ ಓಡು. ಆ ತಾಯಂದಿರ ಭಾಷೆ ಯಾವುದೋ ನಾವರಿಯೆವು; ಆದರೆ ಮೊದಲು ಹೇಳಿದ ಹೋಲಿಕೆ ಅವರಿಗೂ ಹೊಳೆದಿತ್ತೆಂದು ನನಗೆ ಅನಿಸುತ್ತದೆ.

ಇನ್ನು ಓದುಗರ ಕಥೆ. “ಯಾವ ಮಂದೀದು” ಎಂದು ಕೊರ್ಲಹಳ್ಳಿಯ ದಂಡೆಯಲ್ಲಿ ಕೇಳಿದ ಪ್ರಶ್ನೆಯನ್ನೇ ಹತ್ತೊಂಬತ್ತನೆಯ ಶತಮಾನದ ಯುರೋಪು ಶಾಸ್ತ್ರವಾಗಿ ಬೆಳೆಸಿತು. ಸ್ವೀಡನ್ನಿನ ರೆಟ್ಸಿಯಸ್ ೧೮೪೦ರ ದಶಕದಲ್ಲಿ ಒಂದು ಸೂತ್ರ ಕೊಟ್ಟ. ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. ಎಪ್ಪತ್ತೈದರ ಒಳಗಾದರೆ ನೀಳತಲೆ, ಎಂಬತ್ತು ಮೀರಿದರೆ ದುಂಡುತಲೆ. ಈ ಅಂಕಿಯಿಂದ ಕುಲ, ಕುಲದಿಂದ ಬುದ್ಧಿ, ಬುದ್ಧಿಯಿಂದ ಆಳುವ ಹಕ್ಕು ಎಂದು ಮೆಟ್ಟಿಲು ಕಟ್ಟಿದರು. ಭಾರತದಲ್ಲಿ ಹರ್ಬರ್ಟ್ ರಿಸ್ಲೆ ಬದುಕಿರುವವರ ಮೂಗನ್ನೇ ಅಳೆದ. ಮೂಗು ಅಗಲವಾದಷ್ಟೂ ಜಾತಿ ಕೆಳಗಿನದೆಂಬುದು ಅವನ ಸಿದ್ಧಾಂತ; ೧೯೦೧ರ ಜನಗಣತಿಯ ಮುಖ್ಯಾಧಿಕಾರಿಯೂ ಅವನೇ. ಕೊರ್ಲಹಳ್ಳಿಯ ಎದುರುದಡದ ಹಡಗಲಿ ಆಗ ಮದ್ರಾಸು ಸರಕಾರದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಈಚೆದಡ ಮುಂಬಯಿಯ ಧಾರವಾಡ ಜಿಲ್ಲೆಗೆ. ಆಚೆಯ ಪ್ರಾಂತದ ಜಾತಿಗಳನ್ನು ಎಡ್ಗರ್ ಥರ್ಸ್ಟನ್ ಅಳೆದು ಬರೆದ ಏಳು ಸಂಪುಟಗಳು ೧೯೦೯ರಲ್ಲಿ ಬಂದವು. ಈಚೆಯವರ ಸಂಪುಟಗಳನ್ನು ಎಂಥೋವೆನ್ ೧೯೨೦ರಿಂದ ಹೊರತಂದ. ಒಂದೇ ಹೊಳೆಯ ನೀರು ಕುಡಿಯುವವರು ಎರಡು ಕಪಾಟುಗಳಲ್ಲಿ ಕುಳಿತರು.

ಇದನ್ನು ಎದುರಿಸಿದವರೂ ಅಳತೆಯ ಕೋಲನ್ನೇ ಹಿಡಿದರೆಂಬುದು ಸೋಜಿಗ. ‘ಯುಗಾಂತ’ದ ಲೇಖಕಿಯೆಂದು ನಮಗೆ ಪರಿಚಿತರಾದ ಇರಾವತಿ ಕರ್ವೆ ಬರ್ಮಾದಲ್ಲಿ ಹುಟ್ಟಿದವರು, ಅಲ್ಲಿಯ ನದಿಯ ಹೆಸರನ್ನೇ ಹೊತ್ತವರು. ೧೯೨೦ರ ದಶಕದ ಕೊನೆಗೆ ಅವರು ಬರ್ಲಿನ್ನಿಗೆ ಹೋಗಿ ಓಯ್ಗನ್ ಫಿಷರನ ಬಳಿ ಸಂಶೋಧನೆಗೆ ನಿಂತರು. ಬಿಳಿಯರ ಬುರುಡೆಯ ಎಡಬಲಗಳಲ್ಲಿ ಹೆಚ್ಚು ಅಸಮತೆ ಇರುತ್ತದೆ, ಅದೇ ಅವರ ಮೇಲಾದ ವಿವೇಕದ ಗುರುತು ಎಂಬುದು ಆ ಗುರುವಿನ ಊಹೆ. ಶಿಷ್ಯೆ ೧೪೯ ಬುರುಡೆಗಳನ್ನು ಅಳೆದರು. ಅಸಮತೆ ಎಲ್ಲರಲ್ಲೂ ಇದೆ, ಕುಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಕಂಡಿತು, ಕಂಡದ್ದನ್ನೇ ಬರೆದರು. ಪರದೇಶದ ಒಂಟಿ ಹೆಣ್ಣುಮಗಳು ತನ್ನ ಪದವಿ ಯಾರ ಕೈಯಲ್ಲಿತ್ತೋ ಅವನ ಮಾತಿಗೇ ಇಲ್ಲವೆಂದಳು. ಆ ಫಿಷರ್ ೧೯೩೩ರಲ್ಲಿ, ಹಿಟ್ಲರನ ಕಾಲದಲ್ಲಿ, ಬರ್ಲಿನ್ ವಿಶ್ವವಿದ್ಯಾಲಯದ ಮುಖ್ಯಸ್ಥನಾದ. ಬುರುಡೆಯ ಓದು ಎಲ್ಲಿಗೆ ಮುಟ್ಟಿತೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಕರ್ವೆಯವರ ಗುರುಗಳಾಗಿದ್ದ ಘುರ್ಯೆ ೧೯೩೨ರಲ್ಲಿ ರಿಸ್ಲೆಯ ಅಂಕಿಗಳನ್ನೇ ಮುಂದಿಟ್ಟು, ಉತ್ತರದ ಒಂದು ಭಾಗವನ್ನು ಬಿಟ್ಟರೆ ಮುಂಬಯಿ, ಮದ್ರಾಸುಗಳಲ್ಲಿ ಜಾತಿಯ ಏಣಿಗೂ ಮೂಗಿನ ಅಳತೆಗೂ ಹೊಂದಿಕೆಯಿಲ್ಲವೆಂದು ತೋರಿಸಿದ್ದರು. ಪುಣೆಯ ಡೆಕ್ಕನ್ ಕಾಲೇಜಿನಿಂದ ಕರ್ವೆ ಮಹಾರಾಷ್ಟ್ರದಲ್ಲೂ ನಮ್ಮ ಕರ್ನಾಟಕದಲ್ಲೂ ಜನರನ್ನು ಅಳೆದರು. ಅಳೆಯುವುದನ್ನು ಅವರು ಬಿಡಲಿಲ್ಲ. ಈ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಆದರೆ ಒಂದೇ ಹೆಸರಿನ ಜಾತಿಯೊಳಗಿನ ಗುಂಪುಗಳು ಒಂದರಿಂದೊಂದು ಎಷ್ಟು ದೂರವೆಂಬುದು ಹೊರಬಿದ್ದದ್ದು ಆ ಅಳತೆಗಳಿಂದಲೇ.

ಬ್ರಹ್ಮಗಿರಿಯ ಬುರುಡೆಗಳಿಗೂ ಕುಲದ ಚೀಟಿ ಅಂಟಿಸಲಾಯಿತು. ಶಿಲಾಯುಗದವರು ಒಂದು ಕುಲ, ಬೃಹತ್‌ಶಿಲಾ ಗೋರಿಗಳವರು ಹೊರಗಿನಿಂದ ಬಂದ ಬೇರೊಂದು ಕುಲ ಎಂಬ ವಾದ ೧೯೬೦ರ ಸುಮಾರಿಗೆ ನಡೆಯಿತು. ಅಮೆರಿಕದ ಕೆನೆತ್ ಕೆನಡಿ ದಕ್ಷಿಣ ಭಾರತ, ಸಿಂಹಳಗಳ ಗೋರಿಗಳ ಎಲುಬುಗಳನ್ನು ಒಟ್ಟಿಗೆ ನೋಡಿ, ಬೃಹತ್‌ಶಿಲಾ ಕುಲ ಎಂಬುದೇ ಇಲ್ಲ, ಅವರಲ್ಲಿ ನಾನಾ ಬಗೆಯ ಜನರಿದ್ದರು ಎಂದು ೧೯೭೫ರಲ್ಲಿ ಬರೆದರು.

ಹಾಗಾದರೆ ತಲೆಯೋಡು ಏನನ್ನೂ ಹೇಳುವುದಿಲ್ಲವೆ? ಬಹಳ ಹೇಳುತ್ತದೆ. ಹಲ್ಲಿನ ಸವೆತ, ಹೊಲಿಗೆಯ ಬೆಸುಗೆ ವಯಸ್ಸನ್ನು ಸುಮಾರಾಗಿ ಹೇಳುತ್ತವೆ. ಹುಬ್ಬಿನ ಏಣು, ಕಿವಿಯ ಹಿಂದಿನ ಗುಬುಟು ಗಂಡೋ ಹೆಣ್ಣೋ ಎಂಬುದಕ್ಕೆ ಸುಳಿವು ಕೊಡುತ್ತವೆ. ಕಣ್ಣುಗುಳಿಯ ಮಾಳಿಗೆಯಲ್ಲಿ ಎಲುಬು ಜಾಲರಿಯಂತೆ ತೂತಾಗಿದ್ದರೆ ಎಳವೆಯಲ್ಲಿ ರಕ್ತಹೀನತೆಯಂಥ ಬಾಧೆ ಇದ್ದಿರಬಹುದು. ಹಲ್ಲಿನ ಕವಚದ ಮೇಲೆ ಅಡ್ಡಗೆರೆಗಳಿದ್ದರೆ ಆ ಮಗು ಯಾವುದೋ ವರ್ಷ ಹಸಿವಿನಿಂದಲೋ ಜ್ವರದಿಂದಲೋ ನರಳಿ ಬದುಕಿಕೊಂಡದ್ದು. ಬರಗಾಲವೂ ಎಲುಬಿನಲ್ಲಿ ಬರೆದಿಡುತ್ತದೆ.

ಕೊರ್ಲಹಳ್ಳಿಯ ಆ ಬುರುಡೆಯ ಹಲ್ಲುಗಳನ್ನು ನಾನು ನೋಡಲಿಲ್ಲ. ನೋಡಬೇಕೆಂಬ ತಿಳಿವಳಿಕೆ ಆಗ ಇರಲಿಲ್ಲ. ಯಾವ ರುದ್ರಭೂಮಿಗೂ ಒಯ್ಯದೆ, ದಂಡೆಯ ಮೇಲಿನ ಜಾಲಿಯ ಬುಡದಲ್ಲಿ ಮುದುಕನೇ ಕುಣಿ ತೋಡಿ ಅದನ್ನಿಟ್ಟ. ನೆರೆದವರೆಲ್ಲ ಒಂದೊಂದು ಬೊಗಸೆ ಮಣ್ಣು ಹಾಕಿದರು. ಓಡಿಹೋಗಿದ್ದ ನಮ್ಮನ್ನೂ ಕೂಗಿ ಕರೆದು ಹಾಕಿಸಿದರು. ಮುಂದೆ ಒಂದು ಮಳೆಗಾಲದಲ್ಲಿ ಹೊಳೆ ತುಂಬಿ ಬಂದು, ಆ ಜಾಲಿಯನ್ನೂ ಅದರ ಬುಡದ ಮಣ್ಣನ್ನೂ ಕೊಂಡುಹೋಯಿತೆಂದು ಮಾವ ಕಾಗದ ಬರೆದಿದ್ದರು.