ಬಯಲಾಟವೂ ಡೇರೆಯಾಟವೂ: ಗಣಕಲೋಕಗಳ ಒಂದು ಚರಿತ್ರೆ



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ಸಕ್ಕರೆ ಕಾಯಿಲೆಯನ್ನೋ ರಕ್ತದ ಒತ್ತಡವನ್ನೋ ಕುರಿತು ಎಚ್ಚರಿಕೆ ನೀಡುತ್ತಾನೆಂಬ ನಿರೀಕ್ಷೆ ಸಹಜ. ಆ ಮಾತುಗಳನ್ನು ತಾವು ಬೇಕಾದಷ್ಟು ಕೇಳಿದ್ದೀರಿ. ಕೇಳಿಯೂ ಊಟದ ಸಾಲಿನಲ್ಲಿ ಹೋಳಿಗೆಯನ್ನು ಬಿಟ್ಟವರನ್ನು ನಾನು ಕಂಡಿಲ್ಲ. ಆದುದರಿಂದ ಇಂದು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮ ಮಕ್ಕಳು ಕೋಣೆಯ ಬಾಗಿಲು ಮುಚ್ಚಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಆಡುವ ಗಣಕಯಂತ್ರದ ಆಟಗಳಿಗೂ ಒಂದು ಚರಿತ್ರೆಯಿದೆ. ಆ ಚರಿತ್ರೆಯ ನಡುವೆ ಹರಿದಿರುವ ಪ್ರಶ್ನೆ ಮನೆ ಬಿಟ್ಟು ಬಂದ ನಮಗೆ ಅಪರಿಚಿತವಲ್ಲ. ಒಂದು ಲೋಕವನ್ನು ಎಲ್ಲರೂ ಹಂಚಿಕೊಳ್ಳಬೇಕೆ, ಇಲ್ಲವೆ ಪ್ರತಿಯೊಂದು ಗುಂಪಿಗೂ ಅದರ ಒಂದು ಪ್ರತ್ಯೇಕ ಪ್ರತಿಯನ್ನು ಮಾಡಿಕೊಡಬೇಕೆ ಎಂಬುದೇ ಆ ಪ್ರಶ್ನೆ.

ಕರಾವಳಿಯಿಂದ ಬಂದಿರುವ ತಮ್ಮಲ್ಲಿ ಹಲವರಿಗೆ ಇದನ್ನು ಯಕ್ಷಗಾನದ ಮೂಲಕ ಹೇಳುವುದು ಸುಲಭ. ಕೊಯ್ಲಾದ ಗದ್ದೆಯಲ್ಲಿ ನಡೆಯುವ ಬಯಲಾಟಕ್ಕೆ ಬೇಲಿಯಿಲ್ಲ. ದಾರಿಹೋಕನೂ ನಿಂತು ನೋಡಬಹುದು, ಪಕ್ಕದೂರಿನ ಜಗಳಗಂಟನೂ ಬಂದು ಕುಳಿತುಕೊಳ್ಳಬಹುದು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಡೇರೆ ಮೇಳಗಳು ಬಂದವು. ಟಿಕೆಟ್ ಕೊಂಡವನು ಒಳಗೆ, ಉಳಿದವರು ಹೊರಗೆ. ಇವೆರಡರ ನಡುವೆ ಮೂರನೆಯದೊಂದು ಬಗೆಯುಂಟು. ಕಟೀಲಿನ ದೇವಿಗೆ ಹರಕೆಯಾಟ ಹೇಳಿಕೊಂಡವರ ಸಂಖ್ಯೆ ಬೆಳೆದು, ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿ ಬಂದು, ಒಂದಿದ್ದ ಮೇಳ ಕಾಲಕ್ರಮದಲ್ಲಿ ಆರಾಯಿತು. ಒಂದೇ ರಾತ್ರಿ ಆರು ಊರುಗಳಲ್ಲಿ ಮಹಿಷಾಸುರನ ವಧೆ! ಆದರೆ ಆರೂ ಕಡೆ ಬಯಲು ಬಯಲಾಗಿಯೇ ಉಳಿಯಿತು. ಲೋಕವನ್ನು ನಕಲು ಮಾಡುವುದು ಒಂದು, ಅದಕ್ಕೆ ಗೋಡೆ ಕಟ್ಟುವುದು ಇನ್ನೊಂದು. ಈ ವ್ಯತ್ಯಾಸವನ್ನು ತಾವು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಕಷ್ಟವಾಗದು.

ಕಥೆ ಆರಂಭವಾಗುವುದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಅಲ್ಲಿನ ದೊಡ್ಡ ಗಣಕದಲ್ಲಿ ‘ಮಡ್’ ಎಂಬ ಆಟವನ್ನು ಬರೆಯಲು ತೊಡಗಿದ. ರಿಚರ್ಡ್ ಬಾರ್ಟಲ್ ಎಂಬ ಗೆಳೆಯ ಅದನ್ನು ಮುಂದುವರಿಸಿದ. ಚಿತ್ರವಿಲ್ಲ, ಬಣ್ಣವಿಲ್ಲ, ಪರದೆಯ ಮೇಲೆ ಬರಿಯ ಅಕ್ಷರಗಳು. ಆದರೂ ಅದರಲ್ಲಿ ಹೊಸದೊಂದಿತ್ತು. ಒಬ್ಬ ಆಟಗಾರ ಒಂದು ಕತ್ತಿಯನ್ನು ಎತ್ತಿಕೊಂಡರೆ ಆ ಕತ್ತಿ ಇನ್ನೊಬ್ಬನಿಗೆ ಸಿಗುತ್ತಿರಲಿಲ್ಲ. ಇರುವುದು ಒಂದೇ ಲೋಕ, ಒಂದೇ ಕತ್ತಿ. ಹಂಚಿಕೊಂಡ ಲೋಕದ ಲಕ್ಷಣವನ್ನು ಇದಕ್ಕಿಂತ ಸರಳವಾಗಿ ಹೇಳುವುದು ನನಗೆ ತಿಳಿಯದು.

ಹತ್ತೊಂಬತ್ತು ವರ್ಷಗಳ ಬಳಿಕ, 1997ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಒರಿಜಿನ್ ಸಂಸ್ಥೆ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟವನ್ನು ಹೊರತಂದಿತು. ಅದರ ಕರ್ತೃಗಳು ಒಂದು ಪ್ರಕೃತಿಯನ್ನೇ ರಚಿಸಲು ಹೊರಟಿದ್ದರು: ಹುಲ್ಲು ಬೆಳೆಯುವುದು, ಹುಲ್ಲನ್ನು ಮೊಲ ತಿನ್ನುವುದು, ಮೊಲವನ್ನು ತೋಳ ತಿನ್ನುವುದು. ಜನ ಒಳನುಗ್ಗಿದರು, ಕಣ್ಣಿಗೆ ಬಿದ್ದುದನ್ನೆಲ್ಲ ಕೊಂದರು. ಮೊಲವೂ ಉಳಿಯಲಿಲ್ಲ, ತೋಳವೂ ಉಳಿಯಲಿಲ್ಲ. ಪ್ರಕೃತಿಯ ಯೋಜನೆಯನ್ನೇ ಕೈಬಿಡಬೇಕಾಯಿತು. ಆಟ ಮಾರುಕಟ್ಟೆಗೆ ಬರುವ ಮುನ್ನ, ಪರೀಕ್ಷೆಯ ಹಂತದಲ್ಲಿ, ಅದರ ಜನಕ ರಿಚರ್ಡ್ ಗ್ಯಾರಿಯಟ್ ತಾನೇ ರಾಜನ ವೇಷದಲ್ಲಿ ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದಾಗ ಒಬ್ಬ ಆಟಗಾರ ಬೆಂಕಿಯ ಮಂತ್ರ ಪ್ರಯೋಗಿಸಿ ಆ ರಾಜನನ್ನೇ ಕೊಂದ. ತೆರೆದ ಲೋಕದಲ್ಲಿ ಏನೂ ಆಗಬಹುದು ಎಂಬುದಕ್ಕೆ ಇದು ಒಳ್ಳೆಯ ನಾಂದಿಯಾಯಿತು.

ಮುಂದೆ ಆದುದು ಅಷ್ಟು ವಿನೋದದ್ದಲ್ಲ. ಊರ ಕಾವಲಿನ ಆಚೆಗೆ ದರೋಡೆಕೋರರು ಹೊಂಚಿ ಕುಳಿತರು. ಹೊಸಬರು ಕಾಡಿಗೆ ಕಾಲಿಟ್ಟರೆ ಸತ್ತರು, ಸತ್ತ ಮೇಲೆ ದೋಚಲ್ಪಟ್ಟರು, ಬೇಸತ್ತು ಆಟವನ್ನೇ ಬಿಟ್ಟರು. ಸಂಸ್ಥೆ 2000ದಲ್ಲಿ ಕಂಡುಕೊಂಡ ಉಪಾಯವೆಂದರೆ ಲೋಕವನ್ನೇ ಇಬ್ಭಾಗಿಸುವುದು. ಹಳೆಯದಕ್ಕೆ ಫೆಲೂಕ ಎಂದು ಹೆಸರಾಯಿತು. ಬೆಟ್ಟ, ನದಿ, ಊರುಗಳೆಲ್ಲ ಅಲ್ಲಲ್ಲೇ ಇರುವ ಅದರ ಪ್ರತಿಬಿಂಬ ಟ್ರಾಮೆಲ್. ಅಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಕೊಲ್ಲುವಂತಿಲ್ಲ. ಬಹುಪಾಲು ಜನ ಟ್ರಾಮೆಲ್‌ಗೆ ವಲಸೆ ಹೋದರು. ಫೆಲೂಕದ ಬೀದಿಗಳು ಬಿಕೋ ಎಂದವು.

ಇದನ್ನು ಓದುವಾಗ ನನಗೆ ನಮ್ಮ ಬೆಂಗಳೂರು ನೆನಪಾಗುತ್ತದೆ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದ ಪ್ಲೇಗು ಕಿಕ್ಕಿರಿದ ಪೇಟೆಯನ್ನು ಹೊಕ್ಕಿತು. ಅದರ ಪೆಟ್ಟಿನಿಂದಲೇ ಮಲ್ಲೇಶ್ವರ, ಬಸವನಗುಡಿ ಎಂಬ ಹೊಸ ಬಡಾವಣೆಗಳು ಬೆಳೆದವು. ನೇರವಾದ ಅಗಲ ರಸ್ತೆ, ಗಾಳಿ, ಬೆಳಕು, ಮನೆಗಳ ಹಿಂದೆ ಜಾಡಮಾಲಿಯ ಓಣಿ. ಆರೋಗ್ಯದ ದೃಷ್ಟಿಯಿಂದ ಯಾವ ವೈದ್ಯನೂ ಆಕ್ಷೇಪಿಸಲಾರ. ಆದರೆ ನಿವೇಶನಗಳನ್ನು ಜಾತಿ ಸಮುದಾಯಗಳ ಪ್ರಕಾರ ವಿಂಗಡಿಸಿ ಹಂಚಲಾಯಿತೆಂಬುದನ್ನೂ ಮರೆಯಬಾರದು. ಪೇಟೆಯ ಬೀದಿಯಲ್ಲಿ ದಿನವೂ ಒಬ್ಬರಿಗೊಬ್ಬರು ಎದುರಾಗುತ್ತಿದ್ದವರು ಬಡಾವಣೆಯಲ್ಲಿ ತಮ್ಮವರ ನಡುವೆ ಮಾತ್ರ ಉಳಿದರು. ಸುರಕ್ಷೆಗೆ ಕೊಟ್ಟ ಬೆಲೆ ಅದು. ಆ ಬೆಲೆ ಹೆಚ್ಚಾಯಿತೆಂದು ನಾನು ಭಾವಿಸುತ್ತೇನೆ, ತಾವು ಒಪ್ಪದಿರಬಹುದು.

ಆಟದ ಲೋಕಕ್ಕೆ ಮರಳೋಣ. ಗೋಡೆ ಕಟ್ಟುವುದಕ್ಕೆ ದರೋಡೆಗಿಂತಲೂ ದೊಡ್ಡ ಕಾರಣ ಸರದಿಯ ಸಾಲು. 1999ರ ಮಾರ್ಚಿಯಲ್ಲಿ ಬಂದ ‘ಎವರ್‌ಕ್ವೆಸ್ಟ್’ ಆಟದಲ್ಲಿ ಬೆಲೆಬಾಳುವ ಆಯುಧವನ್ನು ಹೊತ್ತ ರಾಕ್ಷಸ ಇಡೀ ಲೋಕಕ್ಕೆ ಒಬ್ಬನೇ. ಅವನನ್ನು ಕೊಂದರೆ ಮತ್ತೆ ಹುಟ್ಟಲು ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಜನ ಅವನ ಹುಟ್ಟುಜಾಗದಲ್ಲಿ ಬೀಡುಬಿಟ್ಟು ಕಾದರು. ಇದಕ್ಕೆ ಅವರು ‘ಕ್ಯಾಂಪ್’ ಎಂದೇ ಹೆಸರಿಟ್ಟರು. ಯಾರ ನಂತರ ಯಾರು ಎಂಬ ಪಟ್ಟಿಯನ್ನು ತಾವೇ ಬರೆದುಕೊಂಡರು, ಪಟ್ಟಿಗಾಗಿ ಜಗಳವಾಡಿದರು. ಕಾಯುವ ಬೇಸರ ಕಳೆಯಲು ಪಕ್ಕದವನೊಡನೆ ಮಾತಿಗೂ ತೊಡಗಿದರು. ಮುಂದೆ ಎಷ್ಟೋ ಜನ ಆ ಆಟದ ಬಗೆಗೆ ನೆನಪಿಟ್ಟುಕೊಂಡದ್ದು ರಾಕ್ಷಸನನ್ನಲ್ಲ, ಆ ಮಾತುಗಳನ್ನು.

2001ರ ಜೂನ್‌ನಲ್ಲಿ ನಾರ್ವೆಯ ಫನ್‌ಕಾಮ್ ಸಂಸ್ಥೆಯ ‘ಅನಾರ್ಕಿ ಆನ್‌ಲೈನ್’ ಬೇರೊಂದು ದಾರಿಯನ್ನು ತೋರಿಸಿತು. ಒಂದು ತಂಡ ಕಾರ್ಯಾಚರಣೆಯ ಬಾಗಿಲನ್ನು ದಾಟಿದೊಡನೆ ಆ ತಂಡಕ್ಕೆಂದೇ ಒಂದು ಕಟ್ಟಡ ಹೊಸದಾಗಿ ರಚನೆಯಾಗುತ್ತದೆ. ಅದೇ ಬಾಗಿಲಿನಿಂದ ಹೋದ ಇನ್ನೊಂದು ತಂಡಕ್ಕೆ ಇನ್ನೊಂದು. ಯಾರೂ ಯಾರನ್ನೂ ಕಾಣರು. ಕೆಲಸ ಮುಗಿದ ಮೇಲೆ ಆ ಪ್ರತಿ ಅಳಿಸಿಹೋಗುತ್ತದೆ. ಇದಕ್ಕೆ ‘ಇನ್‌ಸ್ಟೆನ್ಸ್’ ಎಂಬ ಹೆಸರು ನಿಂತಿತು. 2003ರಲ್ಲಿ ಎವರ್‌ಕ್ವೆಸ್ಟ್ ಕೂಡ ಈ ದಾರಿಯನ್ನು ಹಿಡಿಯಿತು. 2005ರ ‘ಗಿಲ್ಡ್ ವಾರ್ಸ್’ ಊರುಗಳನ್ನು ಮಾತ್ರ ಎಲ್ಲರಿಗೂ ತೆರೆದಿಟ್ಟು, ಊರಾಚೆಯ ಇಡೀ ಜಗತ್ತನ್ನು ಪ್ರತ್ಯೇಕ ಪ್ರತಿಗಳಾಗಿ ಒಡೆಯಿತು.

ಇವೆಲ್ಲವನ್ನೂ ಮೀರಿ ಜನಪ್ರಿಯವಾದದ್ದು 2004ರ ನವೆಂಬರಿನ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. ಅದು ಎರಡನ್ನೂ ಬೆರೆಸಿತು: ಹೊರಗೆ ಸಂತೆಯಂತೆ ತೆರೆದ ಲೋಕ, ಒಳಗೆ ತಂಡತಂಡಕ್ಕೂ ಬೇರೆಯಾದ ನೆಲಮಾಳಿಗೆ. 2010ರಲ್ಲಿ ಇದರ ಚಂದಾದಾರರ ಸಂಖ್ಯೆ 1 ಕೋಟಿ 20 ಲಕ್ಷವನ್ನು ಮುಟ್ಟಿತ್ತು. ನನ್ನಂಥವನು ಈ ಚರಿತ್ರೆಯೊಳಗೆ ಬಂದದ್ದೂ ಇದರ ಬಾಗಿಲಿನಿಂದಲೇ. ಆಟವಾಡಿ ಅಲ್ಲ, ಸಾಂಕ್ರಾಮಿಕ ರೋಗದ ಬಗೆಗಿನ ಒಂದು ಪ್ರಬಂಧವನ್ನು ಓದಿ.

2005ರ ಸೆಪ್ಟೆಂಬರ್ 13ರಂದು ಈ ಆಟಕ್ಕೆ ಜುಲ್‌ಗುರೂಬ್ ಎಂಬ ಹೊಸ ನೆಲೆಯೊಂದು ಸೇರಿತು. ಕಾಡಿನ ನಡುವೆ ಪಾಳುಬಿದ್ದ ನಗರ, 20 ಮಂದಿಯ ತಂಡಕ್ಕೆ ಮೀಸಲಾದ ಮುಚ್ಚಿದ ಪ್ರತಿ. ಅದರ ಕೊನೆಯಲ್ಲಿದ್ದ ಹಕ್ಕಾರ್ ಎಂಬ ರಕ್ತದೇವತೆ ಎದುರಾಳಿಗಳಿಗೆ ‘ಕೆಟ್ಟ ರಕ್ತ’ದ ಸೋಂಕನ್ನು ತಗುಲಿಸುತ್ತಿತ್ತು. ಹತ್ತಿರ ನಿಂತವರಿಗೆ ಅದು ಹರಡುತ್ತಿತ್ತು. ಬಲಿಷ್ಠರು ಕೆಲಕಾಲ ತಡೆದುಕೊಳ್ಳುತ್ತಿದ್ದರು, ದುರ್ಬಲರು ಕ್ಷಣದಲ್ಲಿ ಸಾಯುತ್ತಿದ್ದರು. ರೋಗ ಆ ಗೋಡೆಗಳ ಒಳಗೇ ಇರತಕ್ಕದ್ದೆಂಬುದು ರಚನಕಾರರ ಸಂಕಲ್ಪ. ವಿದೇಶದಲ್ಲಿ ರೆಸಿಡೆನ್ಸಿಯ ದಿನಗಳಲ್ಲಿ ಪ್ರತ್ಯೇಕ ವಾರ್ಡಿನ ಬಾಗಿಲಲ್ಲಿ ಗೌನು, ಮುಖವಾಡ ತೊಟ್ಟು ನಿಂತ ನನಗೆ ಆ ಸಂಕಲ್ಪದ ಅರ್ಥ ಚೆನ್ನಾಗಿ ತಿಳಿದಿದೆ. ಅದು ಎಲ್ಲಿ ಸೋರುತ್ತದೆಂಬುದೂ ತಿಳಿದಿದೆ.

ಸೋರಿದ್ದು ಪ್ರಾಣಿಗಳ ಮೂಲಕ. ಬೇಟೆಗಾರನ ವೇಷದ ಆಟಗಾರರ ಜೊತೆಗೆ ಸಾಕುಪ್ರಾಣಿಗಳಿರುತ್ತವೆ. ಸೋಂಕು ತಗುಲಿದ ಪ್ರಾಣಿಯನ್ನು ಅಲ್ಲೇ ಮರೆಮಾಡಿ, ಆಮೇಲೆ ರಾಜಧಾನಿಯ ಸಂತೆಯಲ್ಲಿ ಮತ್ತೆ ಕರೆದರೆ, ಅದು ರೋಗಸಮೇತವಾಗಿಯೇ ಪ್ರತ್ಯಕ್ಷವಾಗುತ್ತಿತ್ತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ ನಮ್ಮ ಹಿರಿಯ ವೈದ್ಯರು ಇಂಥದೇ ಪಾಠವನ್ನು ಕಲಿತಿದ್ದರು: ಕಾಡಿನ ಉಣ್ಣೆ, ಸಾಯುವ ಮಂಗ, ಉಣ್ಣೆಗಳನ್ನು ಮೈಮೇಲೆ ಪೋಷಿಸುವ ದನ, ಸೌದೆಗೆ ಹೋಗುವ ಮನುಷ್ಯ. ಕಾಡಿಗೂ ಊರಿಗೂ ನಡುವೆ ಗೆರೆ ಎಳೆಯುವವರು ನಾವು. ಉಣ್ಣೆಗೆ ಆ ಗೆರೆ ಕಾಣಿಸದು.

ರಾಜಧಾನಿಯಲ್ಲಿ ಅಂಗಡಿಯವರು, ಕಾವಲುಗಾರರು ಮುಂತಾದ ಯಂತ್ರಚಾಲಿತ ಪಾತ್ರಗಳಿಗೂ ಸೋಂಕು ತಗುಲಿತು. ಅವರು ಸಾಯುವಂತಿರಲಿಲ್ಲ. ಲಕ್ಷಣವಿಲ್ಲದೆ ರೋಗವನ್ನು ಹೊತ್ತು, ವ್ಯಾಪಾರಕ್ಕೆ ಬಂದವರಿಗೆಲ್ಲ ಹಂಚಿದರು. ಬೀದಿಗಳಲ್ಲಿ ಮೂಳೆಯ ರಾಶಿಗಳು ಬಿದ್ದವು. ಜನರ ನಡತೆಯೇ ಇಲ್ಲಿ ಗಮನಾರ್ಹ. ಗುಣಪಡಿಸುವ ಶಕ್ತಿಯುಳ್ಳವರು ಸೇವೆಗೆ ಧಾವಿಸಿದರು; ಕೆಲವೊಮ್ಮೆ ತಾವೇ ರೋಗವಾಹಕರಾದರು. ಹಲವರು ಊರುಬಿಟ್ಟು ಓಡಿದರು. ಕೆಲವರು ಏನಾಗುತ್ತಿದೆಯೆಂದು ನೋಡಲೆಂದೇ ಬಂದು ಸೋಂಕು ತಗುಲಿಸಿಕೊಂಡರು. ಬೇಕೆಂದೇ ಹರಡಿದವರೂ ಇದ್ದರು. ಬ್ಲಿಝರ್ಡ್ ಸಂಸ್ಥೆ ದಿಗ್ಬಂಧನ ವಿಧಿಸಿ ನೋಡಿತು, ಫಲಿಸಲಿಲ್ಲ. ಕೊನೆಗೆ ಸರ್ವರ್‌ಗಳನ್ನು ಮರುಚಾಲನೆಗೊಳಿಸಿ, ನಿಯಮವನ್ನೇ ತಿದ್ದಬೇಕಾಯಿತು. ವೈದ್ಯರಿಗೆ ಈ ಸೌಲಭ್ಯವಿಲ್ಲ.

2007ರಲ್ಲಿ ರಾನ್ ಬಾಲಿಸರ್ ಅವರೂ, ಅದೇ ವರ್ಷ ‘ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಅವರೂ ಈ ಘಟನೆಯ ಬಗೆಗೆ ಬರೆದರು. ಗಣಿತದ ಮಾದರಿಗಳು ಮನುಷ್ಯನ ಕುತೂಹಲವನ್ನೂ ಮೂರ್ಖತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆಟ ಅದನ್ನು ತೋರಿಸಿತು ಎಂಬುದು ಅವರ ವಾದದ ತಿರುಳು. ಆಗ ನಕ್ಕ ಸಹೋದ್ಯೋಗಿಗಳಿದ್ದರು. 2020ರ ಫೆಬ್ರವರಿ 24ರಂದು ಬಹರೈನಿನಲ್ಲಿ ಕೊರೊನಾದ ಮೊದಲ ಪ್ರಕರಣ ಪತ್ತೆಯಾಯಿತು; ಮನೆಯಲ್ಲೇ ಇರಬೇಕಾದವರ ಕೈಗೆ ಇಲೆಕ್ಟ್ರಾನಿಕ್ ಪಟ್ಟಿ ಕಟ್ಟುವ ದಿನಗಳೂ ಬಂದವು. ಆಗ ಆ ಪ್ರಬಂಧಗಳನ್ನು ಜಗತ್ತು ಮತ್ತೆ ತೆರೆದು ಓದಿತು.

ಇನ್ನು, ಗೋಡೆಗಳು ದಪ್ಪವಾದ ಬಗೆ. 2009ರ ಡಿಸೆಂಬರಿನವರೆಗೆ ವಾರ್‌ಕ್ರಾಫ್ಟಿನಲ್ಲಿ ನೆಲಮಾಳಿಗೆಗೆ ಹೋಗಬೇಕಾದರೆ ಊರಿನಲ್ಲಿ ಕೂಗಿ ಜೊತೆಗಾರರನ್ನು ಕೂಡಿಸಿ, ಒಟ್ಟಿಗೆ ದಾರಿ ನಡೆಯಬೇಕಿತ್ತು. ಮೋಸ ಮಾಡಿದವನ ಹೆಸರು ಊರಿಡೀ ಹಬ್ಬುತ್ತಿತ್ತು, ನೆರವಾದವನ ಹೆಸರೂ ಹಬ್ಬುತ್ತಿತ್ತು. ಆ ತಿಂಗಳು ಬಂದ ಹೊಸ ಏರ್ಪಾಡಿನಲ್ಲಿ ಒಂದು ಗುಂಡಿ ಒತ್ತಿದರೆ ಯಂತ್ರವೇ ಬೇರೆ ಬೇರೆ ಸರ್ವರ್‌ಗಳಿಂದ ಐವರನ್ನು ಹೆಕ್ಕಿ ನೇರವಾಗಿ ಒಳಗೆ ಇಳಿಸುತ್ತದೆ. ಅರ್ಧ ಗಂಟೆಯ ಒಡನಾಟ. ಬಳಿಕ ಅವರು ಮತ್ತೆ ಸಿಗುವ ಸಂಭವ ಕಡಮೆ. ಹೆಸರು ಕೆಡುವ ಭಯವೂ ಇಲ್ಲ, ಗಳಿಸುವ ಆಸೆಯೂ ಇಲ್ಲ. ಅನುಕೂಲವಾಯಿತೆಂಬುದು ನಿಜ. ಒಟ್ಟಿಗೆ ನಡೆಯುತ್ತಿದ್ದ ದಾರಿ ಮಾತ್ರ ಖಾಲಿಯಾಯಿತು.

ಈ ಮಾತನ್ನು ಬಹರೈನಿನಲ್ಲಿ ಆಡುವಾಗ ಸ್ವಲ್ಪ ಸಂಕೋಚವಾಗುತ್ತದೆ. ನಮ್ಮ ಬದುಕಿನ ವಿನ್ಯಾಸವೂ ಇದೇ ಅಲ್ಲವೆ? ವಿಲ್ಲಾ ಕಾಂಪೌಂಡಿನವರಿಗೆ ಒಂದು ಪ್ರತಿ, ಕಾರ್ಮಿಕರ ಶಿಬಿರದವರಿಗೆ ಇನ್ನೊಂದು. ಕನ್ನಡಿಗರಿಗೆ, ತುಳುವರಿಗೆ, ಮಲೆಯಾಳಿಗಳಿಗೆ ಒಂದೊಂದು. ಒಂದೇ ದ್ವೀಪ, ಒಂದೇ ಬಾಗಿಲು. ಹೊಕ್ಕ ಮೇಲೆ ಬೇರೆ ಬೇರೆ ಕೋಣೆ. ಮನಾಮದ ಸೂಕ್ ಒಂದು ಉಳಿದಿದೆ, ಅಲ್ಲಿ ಎಲ್ಲರೂ ಎದುರಾಗುತ್ತಾರೆ. ಈ ಸಭಾಂಗಣದಲ್ಲಿ ಭಾಷೆ ಉಳಿದಿದ್ದರೆ ಅದು ಈ ಗೋಡೆಗಳಿಂದಲೇ ಎಂಬುದನ್ನು ನಾನು ಬಲ್ಲೆ. ಆದರೂ ನಮ್ಮ ಮಕ್ಕಳು ಇಲ್ಲೇ ಹುಟ್ಟಿ ಬೆಳೆದು, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಅರಬ್ಬಿಯನ್ನೂ ಕಲಿಯದೆ ಕಾಲೇಜಿಗೆಂದು ಹೊರಟುಬಿಡುವುದನ್ನು ಕಂಡಾಗ ಮನಸ್ಸು ಕಳವಳಗೊಳ್ಳುತ್ತದೆ.

ಗೋಡೆಯನ್ನೇ ಒಪ್ಪದ ಆಟವೂ ಒಂದಿದೆ. 2003ರಲ್ಲಿ ಐಸ್‌ಲ್ಯಾಂಡಿನಿಂದ ಬಂದ ‘ಈವ್ ಆನ್‌ಲೈನ್’ನಲ್ಲಿ ಆಟಗಾರರು ಎದುರಾಗುವುದು ಒಂದೇ ಬ್ರಹ್ಮಾಂಡದಲ್ಲಿ. 2014ರ ಜನವರಿಯಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ಒಂದೇ ಸಮರದಲ್ಲಿ ಪಾಲ್ಗೊಂಡರು. ಅಷ್ಟು ಜನದಟ್ಟಣೆಯನ್ನು ಯಂತ್ರ ತಾಳದು; ಅದಕ್ಕೆ ಅವರು ಕಂಡುಕೊಂಡ ಉಪಾಯ ವಿಚಿತ್ರ. ಜನರನ್ನು ಹಂಚುವ ಬದಲು ಕಾಲವನ್ನೇ ನಿಧಾನಗೊಳಿಸುತ್ತಾರೆ, ಹತ್ತರಲ್ಲಿ ಒಂದು ಪಾಲಿನ ವೇಗಕ್ಕೆ. ಬ್ರಹ್ಮನ ಹಗಲನ್ನು ಕಲ್ಪಿಸಿದ ನಮ್ಮವರಿಗೆ ಇದು ಅಚ್ಚರಿಯಾಗಲಾರದು.

ಕಾಲದ ಮಾತು ಬಂದುದರಿಂದ ನಮ್ಮ ದ್ವೀಪದ ಪಾಲನ್ನೂ ಹೇಳಬೇಕು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕೊಲ್ಲಿಯ ಮಕ್ಕಳು ಯೂರೋಪಿನ ಸರ್ವರಿನಲ್ಲಿ ಆಡುವಾಗ ಸಮುದ್ರದಡಿಯ ಸುತ್ತುದಾರಿಯಲ್ಲಿ ಸಂದೇಶ ಹೋಗಿ ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕಾಗುತ್ತಿತ್ತು. ಕಣ್ಣು ಕಂಡು ಕೈ ಚಲಿಸಲು ಮನುಷ್ಯನಿಗೆ ಬೇಕಾಗುವುದೇ ಅದರ ಎರಡರಷ್ಟು ಹೊತ್ತು. ಹೀಗಿರುವಾಗ ಸ್ಪರ್ಧೆ ಸಮನಾಗಿರಲಿಲ್ಲ. 2019ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆ ತನ್ನ ಮಧ್ಯಪ್ರಾಚ್ಯದ ಮೊದಲ ದತ್ತಾಂಶ ಕೇಂದ್ರಗಳನ್ನು ಬಹರೈನಿನಲ್ಲಿ ತೆರೆಯಿತು, ಆ ಅಂತರ ತಗ್ಗಿತು. ಆದರೆ ಅಷ್ಟರಲ್ಲಿ ಮಕ್ಕಳ ಆಟವೇ ಬದಲಾಗಿತ್ತು. 2017ರಲ್ಲಿ ಬಂದ ‘ಫೋರ್ಟ್‌ನೈಟ್’ನ ಹೋರಾಟದಲ್ಲಿ ನೂರು ಮಂದಿಗೆ ಒಂದು ದ್ವೀಪ, ಅರ್ಧ ಗಂಟೆಯೊಳಗೆ ಒಬ್ಬನನ್ನೋ ಒಂದು ತಂಡವನ್ನೋ ಉಳಿಸಿ ಆ ದ್ವೀಪ ಇಲ್ಲವಾಗುತ್ತದೆ, ಮರುಕ್ಷಣ ಇನ್ನೊಂದು ಹುಟ್ಟುತ್ತದೆ. ಮಂಗಳೂರಿನ ಚಿಕ್ಕಪ್ಪನ ಮಗನೊಡನೆ ಇಲ್ಲಿನ ಹುಡುಗ ಆಡಬಹುದು, ಅದು ಸಣ್ಣ ಭಾಗ್ಯವಲ್ಲ. ಕರೆಯದೆ ಬಂದ ಮೂರನೆಯವನೊಬ್ಬ ಅಲ್ಲಿ ಕ್ರಮೇಣ ಗೆಳೆಯನಾಗುವುದು ಕಷ್ಟ.

ಹಳೆಯದಕ್ಕೆ ಹಂಬಲಿಸಿದವರ ಒತ್ತಾಯದಿಂದ 2019ರ ಆಗಸ್ಟಿನಲ್ಲಿ ವಾರ್‌ಕ್ರಾಫ್ಟಿನ ಮೊದಲ ರೂಪವನ್ನೇ ಮತ್ತೆ ತೆರೆಯಲಾಯಿತು. ನೂಕುನುಗ್ಗಲು ಎಷ್ಟಿತ್ತೆಂದರೆ ಆರಂಭದ ದಿನಗಳಲ್ಲಿ ಅಲ್ಲೂ ಲೋಕವನ್ನು ಪದರಪದರವಾಗಿ ನಕಲು ಮಾಡಬೇಕಾಯಿತು. ಆದರೂ ಒಂದೊಂದು ಪದರದಲ್ಲಿಯೂ ಜನ ಕಿಕ್ಕಿರಿದಿದ್ದರು. ಕೊಲ್ಲಬೇಕಾದ ರಾಕ್ಷಸ ಒಬ್ಬನೇ. ಕಾವಲುಗಾರನಿಲ್ಲ, ಪಟ್ಟಿಯಿಲ್ಲ, ನಿಯಮವೂ ಇಲ್ಲ. ಕತ್ತಿ, ಕೊಡಲಿ, ಮಂತ್ರದಂಡಗಳನ್ನು ಹಿಡಿದ ಆಟಗಾರರು ಗುಡ್ಡದ ಇಳಿಜಾರಿನುದ್ದಕ್ಕೂ, ಒಬ್ಬರ ಹಿಂದೆ ಒಬ್ಬರು, ತಾವಾಗಿಯೇ ಸಾಲುಗಟ್ಟಿ ನಿಂತರು.