ದಾರಕ್ಕೆ ಎಷ್ಟು ಪೌಂಡ್?

ಗಾಳ ಹಾಕೋ ಹುಚ್ಚು ಹತ್ತಿಸಿಕೊಂಡ ಗೆಳೆಯರು ಆನ್‌ಲೈನಲ್ಲಿ ಬೇಟ್‌ಕಾಸ್ಟಿಂಗ್ ರೀಲ್ ತರಿಸಿಕೊಂಡ ಮೇಲೆ ನನ್ನನ್ನ ಕೇಳೋದು ಒಂದೇ ಪ್ರಶ್ನೆ: "ಎಷ್ಟು ಪೌಂಡಿನ ದಾರ ಸುತ್ತಲಿ?" 12 ಅಥವಾ 14 ಅಂದುಬಿಟ್ಟರೆ ಮಾತು ಅಲ್ಲಿಗೆ ಮುಗೀತು. ಆದರೆ ಆ ಸಂಖ್ಯೆಯ ಹಿಂದೆ ಹತ್ತಿರ ಹತ್ತಿರ ಇನ್ನೂರು ವರ್ಷದ ಕತೆ ಇದೆ. ಅದನ್ನ ಹೇಳದೆ ಬಿಡೋಕೆ ನನಗೆ ಮನಸ್ಸು ಬರಲ್ಲ.

ಊರು ಪ್ಯಾರಿಸ್. ಫ್ರಾನ್ಸಿನದಲ್ಲ, ಅಮೆರಿಕದ ಕೆಂಟಕಿ ರಾಜ್ಯದ್ದು. 19ನೇ ಶತಮಾನದ ಶುರುವಿನಲ್ಲಿ ಅಲ್ಲಿ ಜಾರ್ಜ್ ಸ್ನೈಡರ್ ಅನ್ನೋ ಗಡಿಯಾರ ರಿಪೇರಿಯವನಿದ್ದ. ಆ ಸೀಮೆಯ ಹೊಳೆಗಳಲ್ಲಿ ಬಾಸ್ ಮೀನು ಜಾಸ್ತಿ. ಅದಕ್ಕೆ ಜೀವಂತ ಪುಟ್ಟ ಮೀನೇ ಆಹಾರ. ಗಾಳಕ್ಕೆ ಸಿಕ್ಕಿಸಿದ ಆ ಪುಟ್ಟ ಮೀನು ಹಗುರ, ಅದನ್ನ ದೂರ ಎಸೀಬೇಕು ಅಂದ್ರೆ ರೀಲಿನ ಉರುಳೆ ಬೆಣ್ಣೆ ಥರ ತಿರುಗಬೇಕು. ಗಡಿಯಾರದ ಹಲ್ಲುಚಕ್ರ ಕೂರಿಸಿ ಅಭ್ಯಾಸವಿದ್ದ ಕೈ ಅದನ್ನ ಸಾಧಿಸಿತು: ಹಿಡಿಕೆ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು. ಆಮೇಲೆ ಫ್ರಾಂಕ್‌ಫರ್ಟಿನ ಮೀಕ್ ಸಹೋದರರು ಇದನ್ನೇ ಕಸುಬು ಮಾಡಿಕೊಂಡರು. ಅವರದ್ದೂ ಗಡಿಯಾರದ ಅಂಗಡಿಯೇ. ಇನ್ನೊಂದು ಮಜಾ ಕೇಳಿ. ಇವತ್ತಿಗೂ ಹೆಸರಿರುವ ಸ್ವೀಡನ್ನಿನ ಆಬು ಕಂಪನಿ 1921ರಲ್ಲಿ ಶುರುವಾಗಿದ್ದು ಗಡಿಯಾರದ ಕಾರ್ಖಾನೆಯಾಗಿ. ಆ ಹೆಸರಿನ ಅರ್ಥವೇ ಅದು.

ಈ ರೀಲಿಗೆ ಒಂದು ಚಾಳಿ ಇದೆ. ಸಾಮಾನ್ಯ ಸ್ಪಿನ್ನಿಂಗ್ ರೀಲಲ್ಲಿ ಎಸೆಯುವಾಗ ಉರುಳೆ ಅಲ್ಲಾಡಲ್ಲ, ದಾರ ಅದರ ಅಂಚಿನಿಂದ ಜಾರಿ ಹೋಗುತ್ತೆ. ಇಲ್ಲಿ ಉರುಳೆಯೇ ತಿರುಗಬೇಕು. ಎಸೆದ ವಸ್ತು ಗಾಳಿಯಲ್ಲಿ ನಿಧಾನವಾದರೂ ಉರುಳೆ ಅದೇ ವೇಗದಲ್ಲಿ ತಿರುಗ್ತಾ ಇದ್ದರೆ ದಾರ ಹೋಗೋಕೆ ಜಾಗ ಇರಲ್ಲ, ರೀಲಿನ ಮೇಲೆಯೇ ಉಬ್ಬಿ ಸಿಕ್ಕಾಗುತ್ತೆ. ಅಮೆರಿಕನ್ನರು ಅದಕ್ಕೆ ಹಕ್ಕಿಗೂಡು ಅಂತಾರೆ. ಹೆಬ್ಬೆರಳಿನಿಂದ ಉರುಳೆಯನ್ನ ಸವರಿ ಹಿಡಿಯೋದು ಅದಕ್ಕೇ. ದಾರ ತೀರಾ ಸಣ್ಣದಾದರೆ ಸಿಕ್ಕು ಬಿಡಿಸೋದು ನರಕ. ತೀರಾ ದಪ್ಪವಾದರೆ ದೂರ ಹೋಗಲ್ಲ. 12, 14 ಅನ್ನೋ ನನ್ನ ಉತ್ತರ ಈ ಎರಡರ ನಡುವಿನ ರಾಜಿ.

ಆಗ ಪೌಂಡಿನ ಲೆಕ್ಕಕ್ಕಿಂತ ದೊಡ್ಡ ತಲೆನೋವು ಕೊಳೆಯೋದು. ಹೆಣೆದ ರೇಷ್ಮೆ ದಾರ ಮೆತ್ತಗೆ, ಉರುಳೆಗೆ ಹೇಳಿ ಮಾಡಿಸಿದ ಹಾಗೆ. ಆದರೆ ಒದ್ದೆಯಾಗಿ ಬಿಟ್ಟರೆ ಕೊಳೆತು ಹೋಗ್ತಿತ್ತು. ದಿನಾ ಸಂಜೆ ಪೂರ್ತಿ ದಾರ ಬಿಚ್ಚಿ ಒಣಗಿಸಬೇಕು. ನಾವು ರೇಷ್ಮೆ ಸೀರೆಗೆ ಮಾಡೋ ಉಪಚಾರವನ್ನ ಅವರು ಗಾಳದ ದಾರಕ್ಕೆ ಮಾಡ್ತಿದ್ದರು ಅನ್ನಿ. ಸಮುದ್ರದಲ್ಲಿ ದೊಡ್ಡ ಮೀನು ಹಿಡಿಯುವವರದ್ದು ಲಿನನ್ ದಾರ. ಅದರ ಲೆಕ್ಕ ಎಳೆಯಲ್ಲಿ. ಒದ್ದೆಯಾದಾಗ ಒಂದೆಳೆಗೆ 3 ಪೌಂಡ್, ಅಂದರೆ 9 ಎಳೆಯ ದಾರ 27 ಪೌಂಡ್, 24 ಎಳೆಯದ್ದು 72. 1939ರಲ್ಲಿ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘ ಹುಟ್ಟಿತು. ಇವತ್ತು ಅದು ಇಡೋ ದಾಖಲೆಗಳು ದಾರದ ಶಕ್ತಿಯ ಮೇಲೆ ವರ್ಗವಾಗಿ ಹಂಚಿಹೋಗಿವೆ. ಅಲ್ಲಿ ಮೀನು ಎಷ್ಟು ದೊಡ್ಡದು ಅನ್ನೋದರ ಜೊತೆ ಎಷ್ಟು ಬಡಪಾಯಿ ದಾರದಲ್ಲಿ ಹಿಡಿದೆ ಅನ್ನೋದೂ ಲೆಕ್ಕ.

ಅಷ್ಟೊತ್ತಿಗೆ ಡುಪಾಂಟ್ ಕಂಪನಿಯ ನೈಲಾನ್ ಬಂದಿತ್ತು. 1938ರಲ್ಲಿ ಮೊದಲು ಹಲ್ಲುಜ್ಜೋ ಬ್ರಷ್ಷಿನ ಕೂದಲಾಗಿ, ಸ್ವಲ್ಪದರಲ್ಲೇ ಗಾಳದ ದಾರವಾಗಿ. ಕೊಳೆಯಲ್ಲ, ಒಣಗಿಸೋ ರಗಳೆ ಇಲ್ಲ. ಆದರೆ ಮೊದಮೊದಲ ಒಂಟಿ ಎಳೆ ತಂತಿಯ ಥರ ಬಿರುಸು. ಹಾಗಾಗಿ ಬೇಟ್‌ಕಾಸ್ಟಿಂಗ್‌ನವರು ಬಹಳ ವರ್ಷ ಹೆಣೆದ ದಾರ ಬಿಡಲೇ ಇಲ್ಲ. ಮೆತ್ತಗಿನ ಒಂಟಿ ಎಳೆ ಬರೋಕೆ 1950ರ ದಶಕದ ಕೊನೆಯಾಗಬೇಕಾಯಿತು.

1990ರ ದಶಕದಲ್ಲಿ ಸ್ಪೆಕ್ಟ್ರಾ, ಡೈನೀಮಾ ಎಳೆಯ ಬ್ರೇಡ್ ಬಂದು ಎಲ್ಲ ಲೆಕ್ಕವನ್ನೂ ಕೆಡಿಸಿತು. ಈಗ 30 ಪೌಂಡಿನ ಬ್ರೇಡು 8 ಪೌಂಡಿನ ನೈಲಾನಿನಷ್ಟೇ ದಪ್ಪ. ಪ್ಯಾಕೆಟ್ ಮೇಲೆ ಎರಡೂ ಸಂಖ್ಯೆ ಇರುತ್ತೆ, ನಮ್ಮವರು ಓದೋದು ದೊಡ್ಡದನ್ನ ಮಾತ್ರ. ರೀಲಿಗೆ ಬೇಕಿರೋದು ಚಿಕ್ಕ ಸಂಖ್ಯೆ ಸ್ವಾಮಿ! ಉರುಳೆಗೆ ಪೌಂಡು ಗೊತ್ತಾಗಲ್ಲ, ದಪ್ಪ ಗೊತ್ತಾಗುತ್ತೆ. ಸಣ್ಣ ಬ್ರೇಡು ಜಗ್ಗಿದಾಗ ಕೆಳಗಿನ ಸುತ್ತುಗಳ ನಡುವೆ ಹೂತುಕೊಳ್ಳುತ್ತೆ, ಮುಂದಿನ ಎಸೆತ ಅಲ್ಲೇ ಗಕ್ಕನೆ ನಿಲ್ಲುತ್ತೆ. ಕಳೆ ತುಂಬಿದ ಕೆರೆಯಲ್ಲಿ ರಬ್ಬರ್ ಕಪ್ಪೆ ಎಸೆದು ಮುರ್ರೆಲ್ ಹಿಡಿಯೋರಿಗೆ ನಾನು 50 ಪೌಂಡಿನ ಬ್ರೇಡ್ ಹೇಳೋದು ಅದಕ್ಕೆ. ಮೀನು ಅಷ್ಟು ತೂಗುತ್ತೆ ಅಂತಲ್ಲ. ಅದರ ದಪ್ಪ 12 ಪೌಂಡಿನ ನೈಲಾನಿನಷ್ಟಿದೆ, ಕಳೆಯನ್ನೂ ಕುಯ್ಯುತ್ತೆ. ಬುಡದಲ್ಲಿ ಒಂದಿಷ್ಟು ನೈಲಾನ್ ಸುತ್ತಿ ಅದರ ಮೇಲೆ ಬ್ರೇಡ್ ಸುತ್ತಿ, ಇಲ್ಲದಿದ್ದರೆ ನುಣುಪಾದ ಉರುಳೆಯ ಮೇಲೆ ಪೂರ್ತಿ ದಾರ ಜಾರಿ ತಿರುಗುತ್ತೆ.

ದಾರ ತುಂಡಾದರೆ ಏನಾಗುತ್ತೆ ಅನ್ನೋದನ್ನ ನಾವ್ಯಾರೂ ಜಾಸ್ತಿ ಮಾತಾಡಲ್ಲ. ಮೀನು ತಪ್ಪಿಸಿಕೊಂಡು ಹೋಗುತ್ತೆ, ಬಾಯಲ್ಲಿ ಗಾಳ, ಹಿಂದೆ ಗಜಗಟ್ಟಲೆ ದಾರ ಎಳಕೊಂಡು. ಹಗುರ ದಾರದಲ್ಲಿ ದೊಡ್ಡ ಮೀನನ್ನ ಗಂಟೆಗಟ್ಟಲೆ ಆಡಿಸಿದರೂ ಅದು ಸುಸ್ತಾಗಿ, ಬಿಟ್ಟ ಮೇಲೆ ಸಾಯಬಹುದು. ಇದರಲ್ಲಿ ಶೌರ್ಯ ಏನಿದೆಯೋ ನನಗಂತೂ ಅರ್ಥವಾಗಿಲ್ಲ.

ಕಾವೇರಿಯಲ್ಲಿ ಈ ಲೆಕ್ಕ ಇನ್ನೂ ಖಡಕ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ 54 ಕೆಜಿ ತೂಗಿತು. 1970ರ ದಶಕದ ಕೊನೆಯಿಂದ ಇಂಗ್ಲೆಂಡಿನ ಗಾಳದವರು ಭೀಮೇಶ್ವರಿ ಕಡೆ ಬರತೊಡಗಿದರು. ಅಲ್ಲಿ ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಮ್ಮ ರಾಗಿ ಮುದ್ದೆ! ಆ ಹೊಳೆಯಲ್ಲಿ ದಾರದ ಶತ್ರು ಮೀನಿಗಿಂತ ಬಂಡೆ. ಓಡುವ ಮೀನು ದಾರವನ್ನ ಬಂಡೆಯ ಅಂಚಿಗೆ ಉಜ್ಜಿಬಿಡುತ್ತೆ, ಹಾಗಾಗಿ ಒಳ್ಳೆ ದಪ್ಪ ನೈಲಾನೇ ಬೇಕು.

2010ರ ದಶಕದ ಶುರುವಿನಲ್ಲಿ ಆ ಅಭಯಾರಣ್ಯದೊಳಗಿನ ಗಾಳದ ಶಿಬಿರಗಳು ನಿಂತವು. ಗೂನುಬೆನ್ನಿನ ಆ ಮಹಸೀರಿಗೆ ಟಾರ್ ರೆಮಾದೇವಿ ಅನ್ನೋ ವೈಜ್ಞಾನಿಕ ಹೆಸರು ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಪಟ್ಟಿ ಸೇರಿತು. ಅಣೆಕಟ್ಟು, ಡೈನಮೈಟ್, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್, ಎಲ್ಲದರ ಪಾಲೂ ಇದರಲ್ಲಿದೆ. 54 ಕೆಜಿಯ ಆ ಮೀನಿಗೆ ಎಷ್ಟು ಪೌಂಡಿನ ದಾರ ಅಂತ ಈಗ ಯಾರೂ ನನ್ನನ್ನ ಕೇಳಲ್ಲ.