ಕುದುರೆಮರಿಗಳ ಕಣ್ಣಿನ ಕಾಯಿಲೆಗಳು

ಕುದುರೆಮರಿಗಳ ಕಣ್ಣಿನ ಕಾಯಿಲೆಗಳು ಎಂದರೆ ಹುಟ್ಟಿನಿಂದ ಹಾಲು ಬಿಡುವವರೆಗೆ, ಅಂದರೆ ಸುಮಾರು ಮೊದಲ 6 ತಿಂಗಳಲ್ಲಿ, ಕುದುರೆಯ ಮರಿಗಳಲ್ಲಿ ಕಾಣಿಸಿಕೊಳ್ಳುವ ನೇತ್ರದೋಷಗಳು ಹಾಗೂ ನೇತ್ರರೋಗಗಳು. ಕುದುರೆಯ ಕಣ್ಣು ನೆಲದ ಮೇಲೆ ವಾಸಿಸುವ ಸಸ್ತನಿಗಳ ಕಣ್ಣುಗಳಲ್ಲಿ ಅತ್ಯಂತ ದೊಡ್ಡವುಗಳ ಸಾಲಿಗೆ ಸೇರಿದ್ದು, ತಲೆಯ ಎರಡು ಪಕ್ಕಗಳಲ್ಲಿ ಹೊರಚಾಚಿಕೊಂಡಿರುವುದರಿಂದ ಸುಲಭವಾಗಿ ಪೆಟ್ಟಿಗೆ ಈಡಾಗುತ್ತದೆ. ಮರಿಗಳಲ್ಲಿ ನೋವಿನ ಚಿಹ್ನೆಗಳು ಅಸ್ಪಷ್ಟವಾಗಿರುವುದುಂಟು. ಆದ್ದರಿಂದ ರೋಗವು ಮುಂದುವರಿದ ಬಳಿಕವೇ ಗಮನಕ್ಕೆ ಬರುವ ಅಪಾಯವಿದೆ.

ನವಜಾತ ಮರಿಯ ಸಹಜ ಕಣ್ಣು

ಮರಿಯು ಕಣ್ಣು ತೆರೆದೇ ಹುಟ್ಟುತ್ತದೆ. ಬೆಳಕು ಬಿದ್ದಾಗ ಪಾಪೆ ಕುಗ್ಗುವ ಪ್ರತಿಕ್ರಿಯೆ ಹುಟ್ಟಿನಿಂದಲೇ ಇದ್ದರೂ ಮೊದಲ ದಿನಗಳಲ್ಲಿ ನಿಧಾನವಾಗಿರುತ್ತದೆ. ಕೈಯನ್ನು ಕಣ್ಣಿನತ್ತ ತಂದಾಗ ರೆಪ್ಪೆ ಮಿಟುಕಿಸುವುದು ಹುಟ್ಟುಗುಣವಲ್ಲ, ಕಲಿಕೆ. ಅದು ಮೂಡಲು ಸುಮಾರು 2 ವಾರ ಬೇಕಾಗುತ್ತದೆ. ಇದನ್ನರಿಯದೆ ಮೂರು ದಿನದ ಮರಿ ರೆಪ್ಪೆ ಬಡಿಯಲಿಲ್ಲವೆಂದು ಕುರುಡೆಂದು ಭಾವಿಸುವುದು ತಪ್ಪು. ಕಣ್ಣುಗುಡ್ಡೆಗಳು ಮೊದಲ ಕೆಲವು ವಾರ ಸ್ವಲ್ಪ ಕೆಳಕ್ಕೂ ಮೂಗಿನ ಕಡೆಗೂ ವಾಲಿದಂತೆ ಕಾಣುವುದು ಸಹಜ. ಹೆರಿಗೆಯ ಒತ್ತಡದಿಂದ ಬಿಳಿಭಾಗದಲ್ಲಿ ರಕ್ತ ಕಟ್ಟಿದ ಕಲೆಗಳಿದ್ದರೆ ಅವು ಸಾಮಾನ್ಯವಾಗಿ ತಾವಾಗಿಯೇ ಮಾಯವಾಗುತ್ತವೆ.

ಗುರುತಿಸುವಿಕೆ

ಕಣ್ಣನ್ನು ಅರೆಮುಚ್ಚಿಕೊಂಡಿರುವುದು, ಒಂದೇ ಸಮನೆ ನೀರು ಸುರಿಯುವುದು, ಪಿಸುರು ಕಟ್ಟುವುದು, ರೆಪ್ಪೆಯ ಬಾವು, ಬೆಳಕಿಗೆ ಮುಖ ತಿರುಗಿಸುವುದು ಮತ್ತು ಕಣ್ಣಿನ ಮೇಲ್ಮೈ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು ಮುಖ್ಯ ಲಕ್ಷಣಗಳು. ಸೂಕ್ಷ್ಮವಾದ ಒಂದು ಸೂಚನೆ ರೆಪ್ಪೆಗೂದಲಿನ ದಿಕ್ಕು. ಆರೋಗ್ಯವಂತ ಕಣ್ಣಿನಲ್ಲಿ ಮೇಲಿನ ರೆಪ್ಪೆಗೂದಲು ಮುಂದಕ್ಕೆ ಚಾಚಿರುತ್ತದೆ. ನೋವಿರುವ ಕಣ್ಣಿನಲ್ಲಿ ಕೆಳಗೆ ಬಾಗಿರುತ್ತದೆ. ಎರಡೂ ಕಣ್ಣುಗಳನ್ನು ಎದುರಿನಿಂದ ಹೋಲಿಸಿ ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ. ದೃಷ್ಟಿಯಿಲ್ಲದ ಮರಿ ತಾಯಿಯ ಮೈಗೆ ಅಂಟಿಕೊಂಡೇ ನಡೆಯುವುದರಿಂದ, ಅದನ್ನು ತಾಯಿಯಿಂದ ಬೇರ್ಪಡಿಸುವವರೆಗೆ ಕುರುಡುತನ ಬೆಳಕಿಗೆ ಬಾರದೆ ಹೋಗಬಹುದು.

ರೆಪ್ಪೆಯ ಒಳಮಡಿಕೆ ಮತ್ತು ಕಾರ್ನಿಯಾದ ಹುಣ್ಣು

ದಿನ ತುಂಬುವ ಮೊದಲೇ ಹುಟ್ಟಿದ ಅಥವಾ ಬೇಧಿಯಿಂದ ನೀರಿನಂಶ ಕಳೆದುಕೊಂಡ ಮರಿಗಳಲ್ಲಿ ಕಣ್ಣುಗುಡ್ಡೆ ಗುಳಿಬಿದ್ದು ಕೆಳರೆಪ್ಪೆ ಒಳಕ್ಕೆ ಮಡಿಚಿಕೊಳ್ಳುತ್ತದೆ. ಆಗ ಅದರ ಕೂದಲು ಕಣ್ಣಿನ ಪಾರದರ್ಶಕ ಹೊರಪದರವಾದ ಕಾರ್ನಿಯಾವನ್ನು ಸತತವಾಗಿ ಉಜ್ಜುತ್ತದೆ. ಮೊದಲ ದಿನಗಳಲ್ಲಿ ರೆಪ್ಪೆಯನ್ನು ಬೆರಳಿನಿಂದ ಹೊರಕ್ಕೆ ಬಿಡಿಸಿ ಲೇಪ ಹಚ್ಚಿದರೆ ಸಾಕಾಗಬಹುದು. ಮತ್ತೆ ಮತ್ತೆ ಮಡಿಚಿಕೊಂಡರೆ ಪಶುವೈದ್ಯರು ತಾತ್ಕಾಲಿಕ ಹೊಲಿಗೆ ಹಾಕಿ ರೆಪ್ಪೆಯನ್ನು ಹೊರಕ್ಕೆ ಹಿಡಿದಿಡುತ್ತಾರೆ. ಮರಿಯ ಮುಖ ಇನ್ನೂ ಬೆಳೆಯುತ್ತಿರುವುದರಿಂದ ಚರ್ಮ ಕತ್ತರಿಸಿ ತೆಗೆಯುವ ಶಾಶ್ವತ ಶಸ್ತ್ರಚಿಕಿತ್ಸೆಯನ್ನು ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ.

ಈ ಉಜ್ಜುವಿಕೆಯಿಂದಲೋ ಹುಲ್ಲುಕಡ್ಡಿ ತಗುಲಿಯೋ ಕಾರ್ನಿಯಾದಲ್ಲಿ ಹುಣ್ಣಾಗುತ್ತದೆ. ಮಲಗಿಯೇ ಇರುವ ರೋಗಗ್ರಸ್ತ ಮರಿಯಲ್ಲಿ ಅಪಾಯ ಇನ್ನೂ ಹೆಚ್ಚು. ಅಂಥ ಮರಿಯ ಕಾರ್ನಿಯಾಕ್ಕೆ ಸ್ಪರ್ಶಜ್ಞಾನ ಕಡಿಮೆ, ರೆಪ್ಪೆ ಬಡಿಯುವುದೂ ಕಡಿಮೆ. ಹೀಗಾಗಿ ಹುಣ್ಣು ಆಳವಾದರೂ ಅದು ಕಣ್ಣು ಮುಚ್ಚಿಕೊಳ್ಳದೆ, ನೀರು ಸುರಿಸದೆ ಇರಬಹುದು. ಅದಕ್ಕಾಗಿಯೇ ಕುದುರೆಮರಿಗಳ ತೀವ್ರ ನಿಗಾ ಘಟಕಗಳಲ್ಲಿ ಲಕ್ಷಣವಿರಲಿ ಇಲ್ಲದಿರಲಿ ಫ್ಲೂರೊಸೀನ್ ಬಣ್ಣ ಹಾಕಿ ಕಣ್ಣನ್ನು ಪರೀಕ್ಷಿಸುವ ರೂಢಿಯಿದೆ. ಮೇಲ್ಪದರ ಕಿತ್ತುಹೋದ ಕಡೆ ಈ ಬಣ್ಣ ಹಸಿರಾಗಿ ಉಳಿಯುತ್ತದೆ.

ಹುಣ್ಣಿಗೆ ಪ್ರತಿಜೈವಿಕ ಔಷಧವನ್ನು ದಿನಕ್ಕೆ ಹಲವು ಬಾರಿ ಹಾಕಬೇಕಾಗುತ್ತದೆ. ಶಿಲೀಂಧ್ರದ ಸೋಂಕು ಇದ್ದರೆ ಔಷಧ ಬೇರೆ. ನೋವು ತಗ್ಗಿಸಲು ಮತ್ತು ಪಾಪೆ ಹಿಗ್ಗಿಸಲು ಬಳಸುವ ಅಟ್ರೋಪಿನ್ ಕರುಳಿನ ಚಲನೆಯನ್ನು ಕುಗ್ಗಿಸಬಲ್ಲದು, ಆದ್ದರಿಂದ ಹೊಟ್ಟೆನೋವಿನ ಮೇಲೆ ಕಣ್ಣಿಡಬೇಕು. ಕಾರ್ನಿಯಾ ಕರಗತೊಡಗಿದರೆ ಮರಿಯ ರಕ್ತದಿಂದಲೇ ಬೇರ್ಪಡಿಸಿದ ಸೀರಮ್ ಅನ್ನು ಹನಿಯಾಗಿ ಹಾಕುತ್ತಾರೆ. ಮರಿ ಒದ್ದಾಡುವುದನ್ನು ತಪ್ಪಿಸಲು ರೆಪ್ಪೆಯ ಮೂಲಕ ತೆಳುವಾದ ಕೊಳವೆ ಕೂರಿಸಿ, ಕತ್ತಿನ ಬಳಿಯಿಂದಲೇ ಔಷಧ ಸೇರಿಸುವ ಕ್ರಮವೂ ಉಂಟು. ಹಿಂದೆ ಉಳಿದಿದ್ದ ಸ್ಟೀರಾಯ್ಡ್ ಹನಿಯನ್ನು ಪರೀಕ್ಷೆಯಿಲ್ಲದೆ ಹಾಕುವುದು ಅತ್ಯಂತ ಅಪಾಯಕಾರಿ. ಅದು ಹುಣ್ಣು ಮಾಯುವುದನ್ನು ತಡೆದು ಸೋಂಕನ್ನು ಬೆಳೆಸುತ್ತದೆ, ಕಣ್ಣೇ ಒಡೆದುಹೋಗಬಹುದು.

ದೇಹದ ಕಾಯಿಲೆಯ ಸೂಚನೆ

ಕಣ್ಣಿನ ಒಳಭಾಗದ ಉರಿಯೂತವು ಮರಿಗಳಲ್ಲಿ ಅನೇಕ ವೇಳೆ ರಕ್ತದ ನಂಜಿನ ಪರಿಣಾಮ. ರೋಡೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾದಲ್ಲಿಯೂ ಇದು ಕಾಣಿಸುತ್ತದೆ. ಪಾಪೆ ಕಿರಿದಾಗಿ, ಕಣ್ಣೊಳಗೆ ಹಳದಿ-ಹಸಿರು ಛಾಯೆ ಮೂಡಿದರೆ ಇಡೀ ದೇಹವನ್ನು ಪರೀಕ್ಷಿಸಬೇಕು. ಕಣ್ಣಿನ ಹನಿಯೊಂದರಿಂದ ಪ್ರಯೋಜನವಿಲ್ಲ. ತಾಯಿಯ ಗಿಣ್ಣುಹಾಲಿನಲ್ಲಿರುವ ಪ್ರತಿಕಾಯಗಳು ಮರಿಯ ಕೆಂಪು ರಕ್ತಕಣಗಳನ್ನು ನಾಶಮಾಡುವ ಕಾಯಿಲೆಯಲ್ಲಿ ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ. ಇದು ತುರ್ತು ಸ್ಥಿತಿ.

ಹುಟ್ಟುದೋಷಗಳು

ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಕಣ್ಣಿನ ಪೊರೆ. ದೃಷ್ಟಿಗೆ ಅಡ್ಡಿಯಾದಾಗ ಶಬ್ದಾತೀತ ತರಂಗಗಳಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. 6 ತಿಂಗಳೊಳಗಿನ, ಬೇರೆ ಕಾಯಿಲೆಯಿಲ್ಲದ ಮರಿಗಳಲ್ಲಿ ಈ ಶಸ್ತ್ರಚಿಕಿತ್ಸೆಯ ಫಲ ಉತ್ತಮ. ಮಾರ್ಗನ್ ತಳಿಯಲ್ಲಿ ಕಾಣುವ ಮಸೂರದ ನಡುವಿನ ಪೊರೆ ಮಾತ್ರ ಬೆಳೆಯದೆ ನಿಲ್ಲುವುದರಿಂದ ಅದಕ್ಕೆ ಚಿಕಿತ್ಸೆ ಬೇಕಾಗುವುದಿಲ್ಲ. ಕಣ್ಣೀರಿನ ನಾಳ ಮೂಗಿನಲ್ಲಿ ತೆರೆದುಕೊಳ್ಳದಿರುವ ದೋಷವಿದ್ದರೆ ಕೆಲವು ತಿಂಗಳ ಬಳಿಕ ಕಣ್ಣಿನಿಂದ ಕೀವುಮಿಶ್ರಿತ ನೀರು ಸುರಿಯತೊಡಗುತ್ತದೆ. ನಾಳದ ಬಾಯನ್ನು ಶಸ್ತ್ರಚಿಕಿತ್ಸೆಯಿಂದ ತೆರೆಯಬಹುದು.

ಕೆಲವು ದೋಷಗಳು ಮೈಬಣ್ಣದೊಂದಿಗೆ ಹೆಣೆದುಕೊಂಡಿವೆ. ರಾಕಿ ಮೌಂಟನ್ ತಳಿಯಲ್ಲಿ ಬೆಳ್ಳಿ ಬಣ್ಣ ನೀಡುವ ವಂಶವಾಹಿಯ ಎರಡು ಪ್ರತಿಗಳನ್ನು ಪಡೆದ ಮರಿಯಲ್ಲಿ ಕಣ್ಣಿನ ಹಲವು ಭಾಗಗಳು ಒಟ್ಟಿಗೆ ಕೆಡುತ್ತವೆ. ಅಪಲೂಸಾ ತಳಿಯಲ್ಲಿ ಚುಕ್ಕೆ ಮೈಬಣ್ಣದ ವಂಶವಾಹಿಯ ಎರಡು ಪ್ರತಿಗಳಿದ್ದರೆ ಹುಟ್ಟಿನಿಂದಲೇ ಇರುಳುಗುರುಡು ಬರುತ್ತದೆ. ಇವೆರಡಕ್ಕೂ ಔಷಧವಿಲ್ಲ; ಜೋಡಿ ಕೂಡಿಸುವ ಮುನ್ನ ವಂಶವಾಹಿ ಪರೀಕ್ಷೆ ಮಾಡಿಸುವುದೊಂದೇ ದಾರಿ.

ಕಣ್ಣಿನ ಹುಳು

ಭಾರತವೂ ಸೇರಿದಂತೆ ಏಷ್ಯಾದ ದೇಶಗಳಲ್ಲಿ ಎಳೆಯ ಕುದುರೆಗಳ ಕಣ್ಣಿನೊಳಗೂ ಬಿಳಿಯ ದಾರದಂತಹ ಹುಳು ಈಜಾಡುವುದು ಕಂಡುಬರಬಹುದು. ಇದು ದನ, ಎಮ್ಮೆಗಳ ಉದರಕುಹರದಲ್ಲಿ ವಾಸಿಸುವ ಸೆಟೇರಿಯಾ ಜಾತಿಯದು. ಸೊಳ್ಳೆಯ ಮೂಲಕ ಕುದುರೆಯ ದೇಹ ಸೇರಿದ ಮರಿಹುಳು ದಾರಿತಪ್ಪಿ ಕಣ್ಣನ್ನು ಹೊಗುತ್ತದೆ. ಔಷಧದಿಂದ ಒಳಗೇ ಸತ್ತರೆ ಉರಿಯೂತ ಹೆಚ್ಚಬಹುದಾದ್ದರಿಂದ, ಕಾರ್ನಿಯಾದ ಅಂಚಿನಲ್ಲಿ ಸಣ್ಣ ರಂಧ್ರ ಮಾಡಿ ಹುಳುವನ್ನು ಹೊರತೆಗೆಯುವುದು ರೂಢಿಯ ಚಿಕಿತ್ಸೆ. ಲಾಯದ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳುವುದು ಮತ್ತು ಸೊಳ್ಳೆಯನ್ನು ತಡೆಯುವುದು ಮುನ್ನೆಚ್ಚರಿಕೆಯ ಕ್ರಮಗಳು.